ತೊಗಲು ಬೇರೆ, ಹೊಳಪು ಬೇರೆ

ಪಾಲಿಶ್ ಹಾಕಿದ ಕಪ್ಪು ಷೂ ಒಂದನ್ನು ಕಿಟಕಿಯ ಬಳಿ ಇಟ್ಟು ಗಮನಿಸಿ. ಅದರ ಹೆಚ್ಚಿನ ಭಾಗ ಹೊಳೆಯುವುದೇ ಇಲ್ಲ, ಬರೀ ಕಡುಗಪ್ಪು. ಮೂತಿಯ ಮೇಲೊಂದು ಬಿಳಿ ಗೆರೆ, ಹಿಮ್ಮಡಿಯ ತಿರುವಿನಲ್ಲಿ ಇನ್ನೊಂದು. ಷೂ ಮಿರಿಮಿರಿ ಮಿಂಚುತ್ತಿದೆ ಎಂದು ಕಣ್ಣು ತೀರ್ಮಾನಿಸುವುದು ಇಷ್ಟರಿಂದಲೇ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಚರ್ಮದ ಹೊಳಪು ಕೊಡಲು ಹೊರಡುವ ಹೊಸಬರು ಮಾಡುವುದು ಇದಕ್ಕೆ ತದ್ವಿರುದ್ಧ. ಹೊಳಪು ಸಾಲದು ಅನ್ನಿಸಿದಾಗಲೆಲ್ಲ ಇಡೀ ಅಕ್ಷರವನ್ನೇ ಬೆಳ್ಳಗಾಗಿಸುತ್ತ ಹೋಗುತ್ತಾರೆ. ಕೊನೆಗೆ ಕೈಗೆ ಸಿಗುವುದು ಚರ್ಮವಲ್ಲ, ಪ್ಲಾಸ್ಟಿಕ್ ಬಕೆಟ್ಟು.

ಡಿಟಿಪಿ ಅಂಗಡಿಗಳಲ್ಲಿ ‘ಎಫೆಕ್ಟ್ ಹಾಕೋದು’ ಎಂದು ಹಗುರವಾಗಿ ಹೇಳಿಬಿಡುವ ಕೆಲಸವಿದು. ಸಿನಿಮಾ ಶೀರ್ಷಿಕೆ, ಬೈಕ್ ಕ್ಲಬ್ಬಿನ ಬ್ಯಾನರ್, ಜಿಮ್ ಉದ್ಘಾಟನೆಯ ಫ್ಲೆಕ್ಸ್, ಪತ್ತೇದಾರಿ ಕಾದಂಬರಿಯ ಮುಖಪುಟ, ಎಲ್ಲ ಕಡೆಯೂ ಉಬ್ಬಿದ, ಅಂಚಿಗೆ ಹೊಲಿಗೆ ಬಿದ್ದ, ಮಿಂಚುವ ಚರ್ಮದ ಅಕ್ಷರಗಳನ್ನು ನೋಡಿರುತ್ತೀರಿ. ಸಿದ್ಧ ಸ್ಟೈಲ್ ಫೈಲುಗಳು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಸಾಗುತ್ತ ಊರೂರು ತಲುಪುತ್ತವೆ. ಒಂದು ಕ್ಲಿಕ್ಕಿಗೆ ಚರ್ಮ ಸಿದ್ಧ. ಆದರೆ ಆ ಕ್ಲಿಕ್ಕಿನ ಹಿಂದೆ ಏನು ನಡೆಯುತ್ತದೆ ಎಂಬುದು ಗೊತ್ತಿರುವವರ ಅಕ್ಷರವೂ ಗೊತ್ತಿಲ್ಲದವರ ಅಕ್ಷರವೂ ಪಕ್ಕಪಕ್ಕ ನಿಂತರೆ ವ್ಯತ್ಯಾಸ ಮಕ್ಕಳಿಗೂ ಕಾಣುತ್ತದೆ.

ನಿಜವಾದ ಚರ್ಮದಿಂದಲೇ ಶುರು ಮಾಡೋಣ. ಚರ್ಮದ ಮೇಲಿನ ಸಣ್ಣ ಗುಳಿಗಳು ಹಿಂದೆ ರೋಮ ಇದ್ದ ಜಾಗದ ಗುರುತು. ಅದಕ್ಕೇ ಹಸುವಿನ ಚರ್ಮದ ಮೈ ಬೇರೆ, ಮೇಕೆಯದು ಬೇರೆ. ಹದ ಮಾಡಿದ ಮಾತ್ರಕ್ಕೆ ಚರ್ಮಕ್ಕೆ ಕನ್ನಡಿಯಂಥ ಹೊಳಪು ಬರುವುದಿಲ್ಲ. ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿಗಳನ್ನು ನೋಡಿ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಸೇರಿ 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕೊಲ್ಹಾಪುರಿ ಚಪ್ಪಲಿಯ ಚರ್ಮ ಬೆಳಕನ್ನು ಮೆತ್ತಗೆ ಚದುರಿಸುತ್ತದೆ, ಮಿಂಚುವುದಿಲ್ಲ. ಮಿಂಚಬೇಕಾದರೆ ಮೇಲೊಂದು ಪದರ ಬೇಕು. ಅಮೆರಿಕದ ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ ಸೆತ್ ಬಾಯ್ಡನ್ 1819ರಲ್ಲಿ ವ್ಯಾಪಾರಕ್ಕಾಗಿ ತಯಾರಿಸಲು ತೊಡಗಿದ ‘ಪೇಟೆಂಟ್ ಲೆದರ್’ ಅಂಥದ್ದು. ಚರ್ಮಕ್ಕೆ ಅಗಸೆ ಎಣ್ಣೆಯ ವಾರ್ನಿಷನ್ನು ಪದರ ಪದರವಾಗಿ ಹಚ್ಚಿ ಒಣಗಿಸುತ್ತಿದ್ದರು. ಈಗ ಆ ಜಾಗಕ್ಕೆ ಪಾಲಿಯುರಿಥೇನ್ ಬಂದಿದೆ. ಕೆಳಗೆ ತೊಗಲು, ಮೇಲೆ ಪಾರದರ್ಶಕ ಲೇಪ. ಬಣ್ಣ ಮತ್ತು ಮೈ ಕೆಳಗಿನದು, ಹೊಳಪು ಮೇಲಿನದು. ಪರದೆಯ ಮೇಲೆ ಚರ್ಮದ ಅಕ್ಷರ ಮಾಡುವ ಕೆಲಸವೆಲ್ಲ ಈ ಎರಡನ್ನು ಬೇರೆಬೇರೆಯಾಗಿ ಇಡುವುದರಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಥಾಮಸ್ ಮತ್ತು ಜಾನ್ ನೋಲ್ ಸಹೋದರರ ಫೋಟೊಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂದಾಗ ಹೀಗೆ ಬೇರೆಬೇರೆಯಾಗಿಡಲು ಬೇಕಾದ ಪದರಗಳು, ಅಂದರೆ ಲೇಯರುಗಳೇ ಅದರಲ್ಲಿ ಇರಲಿಲ್ಲ. ಅವು ಬಂದದ್ದು 1994ರಲ್ಲಿ, ಮೂರನೇ ಆವೃತ್ತಿಯ ಜೊತೆಗೆ. ಅದಕ್ಕೂ ಮೊದಲು ಅಕ್ಷರ ಉಬ್ಬಿದಂತೆ ಕಾಣಬೇಕೆಂದರೆ ಅಕ್ಷರದ ನಕಲೊಂದನ್ನು ಚಾನೆಲ್‌ನಲ್ಲಿಟ್ಟು, ಮಸುಕಾಗಿಸಿ, ಎರಡು ಮೂರು ಪಿಕ್ಸೆಲ್ ಪಕ್ಕಕ್ಕೆ ಸರಿಸಿ, ಒಂದರಿಂದ ಇನ್ನೊಂದನ್ನು ಕಳೆದು ನೆರಳು ಬೆಳಕುಗಳನ್ನು ಕೈಯಾರೆ ಹುಟ್ಟಿಸಬೇಕಿತ್ತು. 1998ರ ಐದನೇ ಆವೃತ್ತಿ ಈ ಲೆಕ್ಕಾಚಾರವನ್ನೆಲ್ಲ ಲೇಯರ್ ಎಫೆಕ್ಟ್ ಎಂಬ ಒಂದು ಪೆಟ್ಟಿಗೆಗೆ ತುಂಬಿತು. ಎರಡು ವರ್ಷಗಳ ನಂತರದ ಆರನೇ ಆವೃತ್ತಿಯಲ್ಲಿ ಅದು ಲೇಯರ್ ಸ್ಟೈಲ್ ಆಗಿ ಬೆಳೆಯಿತು. ಅಕ್ಷರ ತಿದ್ದಿದರೂ ಎಫೆಕ್ಟ್ ಹಾಗೇ ಉಳಿಯುವ ಈ ಸೌಲಭ್ಯವಿಲ್ಲದಿದ್ದರೆ ಇವತ್ತಿನ ಫ್ಲೆಕ್ಸ್ ಅಂಗಡಿ ನಡೆಯುತ್ತಲೇ ಇರಲಿಲ್ಲ. ಗಿರಾಕಿ ಕೊನೆಯ ಗಳಿಗೆಯಲ್ಲಿ ಹೆಸರಿನ ಕಾಗುಣಿತ ಬದಲಿಸುವುದು ನಿಂತಿಲ್ಲವಲ್ಲ.

ಇನ್ನು ಮಾಡುವ ಬಗೆ. ಮೊದಲು ಚರ್ಮದ ಮೈ ಬೇಕು. ಒಳ್ಳೆಯ ದಾರಿಯೆಂದರೆ ಹಳೆಯ ಪರ್ಸನ್ನೋ ಬ್ಯಾಗನ್ನೋ ಸ್ಕ್ಯಾನರ್ ಮೇಲಿಟ್ಟು ಚಿತ್ರ ತೆಗೆಯುವುದು. ಅದು ಆಗದಿದ್ದರೆ ಫೋಟೊಶಾಪಿನ ಸ್ಟೇನ್ಡ್ ಗ್ಲಾಸ್ ಫಿಲ್ಟರ್ ಇದೆ. ಚರ್ಚಿನ ಬಣ್ಣದ ಗಾಜಿನ ಕಿಟಕಿಗೆಂದು ಮಾಡಿದ ಫಿಲ್ಟರು ಚರ್ಮಕ್ಕೆ ಒದಗಿಬಂದದ್ದು ತಮಾಷೆ. ಕಪ್ಪು ಬಿಳುಪು ಬಣ್ಣಗಳನ್ನಿಟ್ಟುಕೊಂಡು, ಕೋಶದ ಗಾತ್ರ ಮೂರೋ ನಾಲ್ಕೋ, ಅಂಚು ಒಂದು, ಬೆಳಕಿನ ತೀವ್ರತೆ ಸೊನ್ನೆ ಎಂದು ಕೊಟ್ಟರೆ ಒಂದರಂತೆ ಇನ್ನೊಂದಿಲ್ಲದ ಸಣ್ಣ ಸಣ್ಣ ಬಹುಭುಜಗಳ ಜಾಲ ಸಿಗುತ್ತದೆ. ಅದಕ್ಕೆ ಸ್ವಲ್ಪ ನಾಯ್ಸ್ ಸೇರಿಸಿ, ಒಂದು ಪಿಕ್ಸೆಲ್‌ನಷ್ಟು ಬ್ಲರ್ ಮಾಡಿದರೆ ಗೆರೆಗಳ ಗಡಸುತನ ಹೋಗಿ ಚರ್ಮದ ಸುಕ್ಕಿನಂತೆ ಕಾಣತೊಡಗುತ್ತದೆ. ಇದನ್ನು ಪ್ಯಾಟರ್ನ್ ಆಗಿ ಉಳಿಸಿಕೊಳ್ಳುವ ಮೊದಲು ಆಫ್‌ಸೆಟ್ ಫಿಲ್ಟರಿನಿಂದ ಅಂಚುಗಳನ್ನು ನಡುವೆ ತಂದು ಜೋಡುಗೆರೆ ಅಳಿಸದಿದ್ದರೆ, ದೊಡ್ಡ ಅಕ್ಷರದಲ್ಲಿ ಟೈಲ್ಸ್ ಹಾಸಿದ ನೆಲದ ಹಾಗೆ ಗೆರೆ ಎದ್ದು ಬರುತ್ತದೆ.

ಎರಡನೆಯದು ಉಬ್ಬು. ಅಕ್ಷರದ ಲೇಯರಿಗೆ ಬೆವೆಲ್ ಅಂಡ್ ಎಂಬಾಸ್ ಹಾಕಿ, ಇನ್ನರ್ ಬೆವೆಲ್ ಆರಿಸಿ, ತಂತ್ರವನ್ನು ಸ್ಮೂತ್‌ನಲ್ಲೇ ಇಡಬೇಕು. ಚಿಸೆಲ್ ಎಂಬ ಆಯ್ಕೆಗಳು ಕಲ್ಲಿಗೂ ಲೋಹಕ್ಕೂ ಸರಿ, ಚರ್ಮಕ್ಕಲ್ಲ. ಮುನ್ನೂರು ಪಿಕ್ಸೆಲ್ ಎತ್ತರದ ಅಕ್ಷರಕ್ಕೆ ಇಪ್ಪತ್ತರ ಆಸುಪಾಸಿನ ಸೈಜ್ ಸಾಕು. ಒಳಗೆ ಸ್ಪಂಜು ತುಂಬಿ ಹೊಲಿದಂತೆ ಕಾಣುತ್ತದೆ. ಅದರಡಿಯ ಟೆಕ್ಸ್ಚರ್ ವಿಭಾಗದಲ್ಲಿ ನಮ್ಮ ಪ್ಯಾಟರ್ನ್ ಕೂರಿಸಿದರೆ ಸುಕ್ಕುಗಳೂ ಅದೇ ಬೆಳಕಿಗೆ ಮೈಯೊಡ್ಡುತ್ತವೆ. ಇಲ್ಲಿ ಎಲ್ಲರೂ ಮರೆಯುವ ಸಂಗತಿಯೊಂದಿದೆ. ನೆರಳಿನ ಬಣ್ಣ ತಾನಾಗಿ ಕಪ್ಪೆಂದು ಬರುತ್ತದೆ. ಕಂದು ಚರ್ಮದ ನೆರಳು ಕಪ್ಪಾದರೆ ಇದ್ದಿಲು ಮೆತ್ತಿದಂತಾಗುತ್ತದೆ. ಅದೇ ಕಂದಿನ ತೀರಾ ಗಾಢ ಛಾಯೆಯನ್ನು ಆರಿಸಿದರೆ ತೊಗಲಿಗೆ ಜೀವ ಬರುತ್ತದೆ. ಈ ಹಂತ ಮುಗಿದಾಗ ಅಕ್ಷರ ಮಂಕಾಗಿಯೇ ಇರಬೇಕು, ಅಥಣಿಯ ಚಪ್ಪಲಿಯ ಮಟ್ಟಿಗೆ. ಹೊಳಪಿನ ಆಸೆಗೆ ಇಲ್ಲಿ ಕೈ ಹಾಕಬಾರದು.

ವಾರ್ನಿಷ್ ಬರುವುದು ಮೂರನೆಯದರಲ್ಲಿ. ಒಂದು ಲೇಯರಿಗೆ ಒಂದೇ ಬೆವೆಲ್ ಹಾಕಲು ಸಾಧ್ಯ. ಆದ್ದರಿಂದ ಅಕ್ಷರದ ಲೇಯರನ್ನು ನಕಲಿಸಿ, ಹಳೆಯ ಎಫೆಕ್ಟುಗಳನ್ನು ತೆಗೆದು, ಅದರ ಫಿಲ್ ಅನ್ನು ಸೊನ್ನೆಗೆ ಇಳಿಸಬೇಕು. ಆಪಾಸಿಟಿ ನೂರರಲ್ಲೇ ಇರಲಿ. ಆಗ ಅಕ್ಷರ ಮಾಯವಾಗುತ್ತದೆ, ಅದರ ಮೇಲೆ ಹಾಕುವ ಎಫೆಕ್ಟ್ ಮಾತ್ರ ಉಳಿಯುತ್ತದೆ. ಬಾಯ್ಡನ್ನನ ಪಾರದರ್ಶಕ ಲೇಪ ಅಂದರೆ ಇದೇ. ಈ ಖಾಲಿ ಲೇಯರಿಗೆ ಇನ್ನೊಂದು ಬೆವೆಲ್ ಹಾಕಿ ಗ್ಲಾಸ್ ಕಾಂಟೂರ್ ಎಂಬ ಪುಟ್ಟ ವಕ್ರರೇಖೆಯನ್ನು ತೆರೆಯಿರಿ. ಓರೆಯ ಯಾವ ಮಟ್ಟದಲ್ಲಿ ಎಷ್ಟು ಬೆಳಕು ಎಂಬುದನ್ನು ಅದು ನಿರ್ಧರಿಸುತ್ತದೆ. ನೇರ ಗೆರೆ ಇದ್ದರೆ ಬೆಳಕು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ರೇಖೆಯನ್ನು ಬಹಳ ಹೊತ್ತು ಕೆಳಗೇ ಇಟ್ಟು ತುದಿಯಲ್ಲಿ ಥಟ್ಟನೆ ಮೇಲೇರಿಸಿದರೆ ಅಕ್ಷರದ ಬೆನ್ನಿನ ಮೇಲೆ ತೆಳ್ಳನೆಯ ಬಿಳಿ ಗೆರೆಯೊಂದು ಹರಿದುಹೋಗುತ್ತದೆ. ನೆರಳಿನ ಆಪಾಸಿಟಿ ಸೊನ್ನೆ ಮಾಡಿ, ಹೈಲೈಟ್ ಅನ್ನು ಸ್ಕ್ರೀನ್ ಮೋಡಿನಲ್ಲಿ ಬಿಡಿ. ಬಣ್ಣ? ಚರ್ಮ ಕಂದಾಗಲಿ ಕೆಂಪಾಗಲಿ, ಮಿಂಚು ಮಾತ್ರ ಬೆಳಕಿನ ಬಣ್ಣದ್ದೇ: ಹಗಲಿನದಾದರೆ ಬಿಳಿ, ಕೋಣೆಯ ದೀಪದ್ದಾದರೆ ತುಸು ಹಳದಿ. ಚಿನ್ನ, ತಾಮ್ರಗಳ ಮಿಂಚಿಗಷ್ಟೇ ಅವುಗಳದೇ ಬಣ್ಣ ಇರುವುದು. ಕಂದು ಅಕ್ಷರಕ್ಕೆ ತಿಳಿಗಂದಿನ ಹೈಲೈಟ್ ಕೊಟ್ಟ ಕೂಡಲೇ ಅದು ತಾಮ್ರದ ತಂಬಿಗೆಯ ಕಡೆ ಜಾರುವುದು ಈ ಕಾರಣಕ್ಕೆ.

ಹೊಲಿಗೆ, ಬಕಲ್, ರಿವೆಟ್ ಇವೆಲ್ಲ ಇಷ್ಟವಿದ್ದವರಿಗೆ. ಅಕ್ಷರದಿಂದ ಪಾತ್ ಮಾಡಿ, ಬ್ರಶ್ಶಿನ ಸ್ಪೇಸಿಂಗ್ ಹೆಚ್ಚಿಸಿ ಅದರ ಮೇಲೆ ಓಡಿಸಿದರೆ ಹೊಲಿಗೆ ಬರುತ್ತದೆ. ನನಗಂತೂ ಹೊಲಿಗೆಯಿಲ್ಲದ್ದೇ ಚೆಂದ.

ಕನ್ನಡ ಲಿಪಿಗೆ ಬಂದಾಗ ಲಾಭವೂ ಇದೆ, ತೊಡಕೂ ಇದೆ. ನಮ್ಮ ದುಂಡು ಅಕ್ಷರಗಳ ಮೇಲೆ ಬೆಳಕಿನ ಗೆರೆ ಎಲ್ಲೂ ಮುರಿಯದೆ ಸುತ್ತಿಬರುತ್ತದೆ. ರೋಮನ್ ಅಕ್ಷರಗಳ ಚೂಪು ಮೂಲೆಗಳಲ್ಲಿ ಬೆವೆಲ್ ಮಡಿಚಿಕೊಳ್ಳುವ ಕಷ್ಟ ಇಲ್ಲಿ ಕಡಿಮೆ. ಆದರೆ ಒತ್ತಕ್ಷರ ಬಂದ ಕೂಡಲೇ ಲೆಕ್ಕ ತಪ್ಪುತ್ತದೆ. ‘ಕ’ಕ್ಕೆ ಸರಿಹೋದ ಇಪ್ಪತ್ತು ಪಿಕ್ಸೆಲ್ಲಿನ ಉಬ್ಬು ಕೆಳಗಿನ ಪುಟ್ಟ ಒತ್ತಿಗೆ ಜಾಸ್ತಿಯಾಗಿ, ಎರಡೂ ಬದಿಯ ಇಳಿಜಾರು ನಡುವೆ ಕೂಡಿಕೊಂಡು ಒತ್ತು ಬೆಳ್ಳನೆಯ ಹುಳದಂತಾಗುತ್ತದೆ. ‘ಥ’, ‘ಧ’, ‘ಷ’ಗಳ ಹೊಟ್ಟೆಯ ಚುಕ್ಕಿ, ಸೀಳುಗಳಿಗೂ ಅದೇ ಗತಿ. ಹಾಗಾಗಿ ಅಕ್ಷರ ಮತ್ತು ಒತ್ತುಗಳ ದಪ್ಪ ಹತ್ತಿರಹತ್ತಿರ ಇರುವ ಅಚ್ಚನ್ನೇ ಹುಡುಕಬೇಕು. ಏಕ್ ಟೈಪ್ ಸಂಸ್ಥೆಯ ಬಾಲೂ ತಮ್ಮ, ಅನೇಕ್ ಕನ್ನಡ ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಬಾಲೂ ತಮ್ಮನ ಗುಂಡುಗುಂಡಾದ ಮೈ ಚರ್ಮಕ್ಕೆಂದೇ ಹುಟ್ಟಿದಂತಿದೆ. ಯುನಿಕೋಡ್ ಅಕ್ಷರಗಳ ಒತ್ತುಗಳು ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ಕೆಳಗೆ ಕೂರದೆ ಪಕ್ಕದಲ್ಲಿ ನಿಂತರೆ ಟೈಪ್ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಬೇಕು. ಇನ್ನು ಅಕ್ಷರದ ತುಂಡುಗಳನ್ನು ಜೋಡಿಸಿ ಮೂಡಿಸುವ ಹಳೆಯ ಫಾಂಟುಗಳಲ್ಲಿ ಎರಡು ತುಂಡುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದಿದ್ದರೂ ಬೆವೆಲ್ ಅದನ್ನು ಹುಡುಕಿ ತೋರಿಸಿಬಿಡುತ್ತದೆ.

ಬೆಳಕು ಎಲ್ಲಿಂದ ಬೀಳಬೇಕು? ಹಳೆಯ ಆವೃತ್ತಿಗಳಲ್ಲಿ ಬೆಳಕಿನ ಕೋನ ತಾನಾಗಿ 120 ಡಿಗ್ರಿ ಇರುತ್ತಿತ್ತು, ಎಂದರೆ ಮೇಲಿನಿಂದ, ತುಸು ಎಡದಿಂದ. ಇದು ಮನಸ್ಸಿಗೆ ಹೊಂದುವುದಕ್ಕೆ ಕಾರಣವಿದೆ. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಮಿದುಳು ಮೊದಲೇ ಊಹಿಸಿಕೊಂಡು ಉಬ್ಬು ತಗ್ಗುಗಳನ್ನು ಓದುತ್ತದೆ ಎಂಬುದನ್ನು ವಿ.ಎಸ್. ರಾಮಚಂದ್ರನ್ 1988ರಲ್ಲಿ ಸರಳ ಚಿತ್ರಗಳಿಂದ ತೋರಿಸಿದ್ದರು. ಹತ್ತು ವರ್ಷಗಳ ಬಳಿಕ ಸನ್ ಮತ್ತು ಪೆರೋನಾ ಎಂಬ ಸಂಶೋಧಕರು ಆ ಊಹೆ ನೆತ್ತಿಯಿಂದಲ್ಲ, ಎಡಕ್ಕೆ ವಾಲಿದೆ ಎಂದು ಕಂಡುಕೊಂಡರು. ಕೋನವನ್ನು ಕೆಳಕ್ಕೆ ತಿರುಗಿಸಿ ನೋಡಿ, ಉಬ್ಬಿದ್ದ ಅಕ್ಷರ ಒಳಕ್ಕೆ ಒತ್ತಿದಂತೆ ಕಾಣುತ್ತದೆ.

ಹೊಳಪಿನ ಬಗ್ಗೆ ವಿಜ್ಞಾನಿಗಳ ನಡುವೆ ಜಗಳವೇ ನಡೆದಿದೆ. ಚಿತ್ರದಲ್ಲಿ ಬಹುಪಾಲು ಕತ್ತಲೆ, ಅಲ್ಲಲ್ಲಿ ಕೊಂಚ ತೀವ್ರ ಬೆಳಕು ಇದ್ದರೆ ಆ ಮೈ ಹೊಳೆಯುತ್ತದೆ ಎಂದು ಮಿದುಳು ಭಾವಿಸುತ್ತದೆ ಎಂಬ ವಾದವನ್ನು ಮೊತೊಯೋಶಿ ಮತ್ತು ಸಂಗಡಿಗರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮಂಡಿಸಿದರು. ಅಷ್ಟೇ ಸಾಲದು, ಬೆಳಕಿನ ಚುಕ್ಕಿಗಳು ಮೈಯ ತಿರುವಿಗೆ ಹೊಂದಿಕೊಂಡೇ ಇರಬೇಕು, ಇಲ್ಲದಿದ್ದರೆ ಅವು ಬರೀ ಬಿಳಿ ಕಲೆಗಳು ಎಂದು ಆಂಡರ್ಸನ್ ಮತ್ತು ಕಿಮ್ 2009ರಲ್ಲಿ ಮರುನುಡಿದರು. ಬ್ರಶ್ ಹಿಡಿದು ಸಿಕ್ಕಲ್ಲಿ ಬಿಳಿ ಬಳಿಯುವವರ ಅಕ್ಷರ ಯಾಕೆ ಸುಣ್ಣ ಸಿಡಿದಂತೆ ಕಾಣುತ್ತದೆ ಎನ್ನುವುದಕ್ಕೆ ಈ ಎರಡನೆಯವರಲ್ಲಿ ಉತ್ತರವಿದೆ.

ಫೋಟೊಶಾಪಿಗೆ ದುಡ್ಡು ಕೊಡಲಾಗದವರಿಗೆ ಗಿಂಪ್ ಇದೆ. ಬರ್ಕ್‌ಲಿಯ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಕಟ್ಟಿದ ಈ ಮುಕ್ತ ತಂತ್ರಾಂಶ 1996ರಲ್ಲಿ ಹೊರಬಂತು. ಅದರ ಬಂಪ್ ಮ್ಯಾಪ್ ಫಿಲ್ಟರಿಗೆ ಮಸುಕಾಗಿಸಿದ ಅಕ್ಷರವನ್ನು ಎತ್ತರದ ನಕ್ಷೆಯಾಗಿ ಕೊಟ್ಟರೆ ಉಬ್ಬು ಸಿದ್ಧ. ನುಣುಪಾದ ಮೈಯನ್ನು ಮುಟ್ಟದೆಯೇ ಸುಕ್ಕುಗಟ್ಟಿದಂತೆ ತೋರಿಸುವ ಆ ಉಪಾಯ ಜೇಮ್ಸ್ ಬ್ಲಿನ್ 1978ರಲ್ಲಿ ಪ್ರಕಟಿಸಿದ್ದು. ಗಿಂಪ್‌ನಲ್ಲಿ ಬಹಳ ಕಾಲ ಒಮ್ಮೆ ಹಾಕಿದ ಫಿಲ್ಟರನ್ನು ಮತ್ತೆ ತಿದ್ದಲು ಬರುತ್ತಿರಲಿಲ್ಲ; 2025ರಲ್ಲಿ ಬಂದ 3.0 ಆವೃತ್ತಿ ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದೆ.

ಇದೆಲ್ಲ ಹಳೆಯ ಫ್ಯಾಷನ್ ಎನ್ನುವವರಿದ್ದಾರೆ. ಆಪಲ್ ಕಂಪನಿ ಐಪ್ಯಾಡಿನ ಕ್ಯಾಲೆಂಡರಿಗೆ ಹೊಲಿಗೆ ಸಹಿತ ಚರ್ಮದ ಪಟ್ಟಿ ತೊಡಿಸಿ, 2013ರ ಐಓಎಸ್ 7ರಲ್ಲಿ ಅದನ್ನು ಕಿತ್ತುಹಾಕಿದ ಮೇಲೆ ಮೊಬೈಲ್ ಪರದೆಗಳೆಲ್ಲ ಚಪ್ಪಟೆಯಾದವು. ಪೋಸ್ಟರುಗಳು ಮಾತ್ರ ಕೇಳಲಿಲ್ಲ. ಹೇಳಿದ್ದನ್ನು ಚಿತ್ರಿಸಿಕೊಡುವ ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಈಗ ಅರೆಕ್ಷಣದಲ್ಲಿ ಚರ್ಮ ಹೊದಿಸುತ್ತವೆ, ಆದರೆ ಕನ್ನಡದ ಒತ್ತುಗಳನ್ನು ಆಗಾಗ ಹಾಳುಮಾಡುತ್ತವೆ.

ಪರದೆಯಿಂದ ಕಾಗದಕ್ಕೆ ಇಳಿಯುವಾಗ ಎರಡು ಎಚ್ಚರ ಬೇಕು. ಲೇಯರ್ ಸ್ಟೈಲಿನ ಅಳತೆಗಳೆಲ್ಲ ಪಿಕ್ಸೆಲ್ಲಿನಲ್ಲಿವೆ. ಫ್ಲೆಕ್ಸಿಗಾಗಿ ಅಕ್ಷರವನ್ನು ಎಳೆದು ಹತ್ತು ಪಟ್ಟು ಹಿಗ್ಗಿಸಿದರೆ ಉಬ್ಬು ಇದ್ದಷ್ಟೇ ಉಳಿದು ಚರ್ಮ ಚಪ್ಪಟೆಯಾಗುತ್ತದೆ, ಸ್ಕೇಲ್ ಎಫೆಕ್ಟ್ಸ್‌ಗೆ ಹೋಗಿ ಅದನ್ನೂ ಹಿಗ್ಗಿಸಬೇಕು. ಪತ್ರಿಕೆಯ ಕಾಗದದಲ್ಲಿ ಶಾಯಿ ಹರಡಿ ಸಣ್ಣ ಸುಕ್ಕುಗಳು ತುಂಬಿಹೋಗುವುದರಿಂದ ಅಲ್ಲಿಗೆ ಸುಕ್ಕು ದೊಡ್ಡದಿರಬೇಕು, ಬಿಳಿ ಗೆರೆ ದಪ್ಪಗಿರಬೇಕು. ಪುಸ್ತಕದ ಮುಖಪುಟಕ್ಕಾದರೆ ಮುದ್ರಣಾಲಯದವರು ಸ್ಪಾಟ್ ಯುವಿ ಎಂಬ ನಿಜವಾದ ವಾರ್ನಿಷನ್ನು ಅಕ್ಷರದ ಮೇಲಷ್ಟೇ ಹಚ್ಚಿಕೊಡುತ್ತಾರೆ. ಆಗ ಚಿತ್ರದಲ್ಲಿ ಬರೆದ ಮಿಂಚಿಗೂ ಓದುಗರ ಕೋಣೆಯ ದೀಪ ಮೂಡಿಸುವ ಮಿಂಚಿಗೂ ಹೊಂದಿಕೆಯಾಗದೆ ಎರಡೂ ಕೆಡುತ್ತವೆ. ಬಲ್ಲ ವಿನ್ಯಾಸಕರು ಅಂಥ ಮುಖಪುಟಕ್ಕೆ ಆ ಫಿಲ್ ಸೊನ್ನೆಯ ಲೇಯರಿನ ಕಣ್ಣು ಮುಚ್ಚಿ, ತೊಗಲನ್ನು ಮಾತ್ರ ಮುದ್ರಣಕ್ಕೆ ಕಳಿಸುತ್ತಾರೆ.