ಗೂಡಿನ ದೂರ: ದ್ವೀಪದ ಹಕ್ಕಿಗಳೂ ಕ್ಯಾಮೆರಾವೂ

ಗುಂಪುಗುಂಪಾಗಿ ಗೂಡು ಕಟ್ಟುವ ನೀರಹಕ್ಕಿಗಳಿಗೆ ಮುಖ್ಯವಾಗಿ ಬೇಕಾದದ್ದು ಎರಡು. ಮೀನು ಹತ್ತಿರವಿರಬೇಕು, ಶತ್ರು ದೂರವಿರಬೇಕು. ಇವೆರಡೂ ಒಂದೇ ಕಡೆ ಕೂಡಿಬರುವ ಜಾಗಗಳು ಕಡಿಮೆ. ಆದ್ದರಿಂದಲೇ ಅಂಥ ಜಾಗ ಸಿಕ್ಕಿದರೆ ನೂರಾರು, ಸಾವಿರಾರು ಹಕ್ಕಿಗಳು ಅಲ್ಲೇ ನೆರೆಯುತ್ತವೆ. ಅವುಗಳ ಹಿಂದೆಯೇ ಕ್ಯಾಮೆರಾ ಹಿಡಿದವರೂ ಬರುತ್ತಾರೆ.

ಜಗತ್ತಿನಲ್ಲಿ ಇದಕ್ಕೆ ಹೆಸರಾದ ಉದಾಹರಣೆ ಉತ್ತರ ಅಟ್ಲಾಂಟಿಕ್ ಸಾಗರದ ಪಫಿನ್. ಸುಮಾರು ಒಂದು ಗೇಣು ಎತ್ತರದ, ಕಪ್ಪು ಬಿಳುಪು ಮೈಯ, ಬಣ್ಣದ ಕೊಕ್ಕಿನ ಕಡಲಹಕ್ಕಿ ಇದು. ಚಳಿಗಾಲವನ್ನೆಲ್ಲ ನಡುಗಡಲಿನಲ್ಲಿ ಕಳೆದು, ಏಪ್ರಿಲ್ ಹೊತ್ತಿಗೆ ದ್ವೀಪಗಳಿಗೆ ಬರುತ್ತದೆ. ಮಣ್ಣಿನ ಬಿಲದಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಇಂಗ್ಲೆಂಡಿನ ಫಾರ್ನ್ ದ್ವೀಪಗಳಿಗೂ ವೇಲ್ಸ್‌ನ ಸ್ಕೋಮರ್ ದ್ವೀಪಕ್ಕೂ ಜನ ದೋಣಿ ಹತ್ತಿ ಹೋಗುವುದು ಇದನ್ನು ನೋಡಲೆಂದೇ. ಕೊಕ್ಕಿನಲ್ಲಿ ಮೀನುಗಳನ್ನು ಅಡ್ಡಡ್ಡ ಕಚ್ಚಿಕೊಂಡು ಮರಿಯ ಕಡೆ ಬರುವ ಪಫಿನ್‌ನ ಚಿತ್ರ ಎಲ್ಲರಿಗೂ ಬೇಕು. ಆದರೆ ಹಕ್ಕಿಗೂ ಬಿಲಕ್ಕೂ ನಡುವೆ ಜನ ನಿಂತುಬಿಟ್ಟರೆ ಅದು ಇಳಿಯಲು ಹಿಂಜರಿಯುತ್ತದೆ. ಆಗ ಗಲ್ ಹಕ್ಕಿಗಳು ಎರಗಿ ಮೀನು ಕಿತ್ತುಕೊಳ್ಳುವುದೂ ಉಂಟು. ಹಾದಿ ಬಿಟ್ಟು ನಡೆದವರ ಕಾಲಡಿ ಬಿಲಗಳೇ ಕುಸಿಯುತ್ತವೆ. ಸ್ಕೋಮರ್‌ನಲ್ಲಿ ದಿನಕ್ಕೆ ಇಷ್ಟೇ ಜನ ಇಳಿಯಬೇಕು ಎಂಬ ಮಿತಿ ಇರುವುದು ಇದಕ್ಕಾಗಿ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಗೆ ಕಡಲಿಲ್ಲ. ವರ್ಷವಿಡೀ ತುಂಬಿ ಹರಿಯುವ ಹೊಳೆಯೂ ಇಲ್ಲ. ಉತ್ತರ ಪಿನಾಕಿನಿ, ಚಿತ್ರಾವತಿ ಹುಟ್ಟುವುದು ಇಲ್ಲಿಯ ನಂದಿ ಬೆಟ್ಟಸಾಲಿನ ಸುತ್ತಲೇ ಆದರೂ ಹೆಚ್ಚು ಕಾಲ ಅವುಗಳ ಪಾತ್ರದಲ್ಲಿ ಕಾಣುವುದು ಮರಳು. ಹೀಗಿದ್ದೂ ಇಲ್ಲಿಯವರು ಗೂಡುಗಳ ಇಂಥ ನೆರವಿಯನ್ನು ನೋಡಲು ಬಲುದೂರ ಹೋಗಬೇಕಿಲ್ಲ. ದೋಣಿಯಲ್ಲೇ ಹೋಗಿ ನೋಡಬೇಕೆಂದರೆ ರಂಗನತಿಟ್ಟು ಇದೆ. ದೋಣಿ ಇಲ್ಲದೆ ನೋಡಬೇಕೆಂದರೆ ಗಡಿಯಾಚೆ ವೀರಾಪುರವಿದೆ.

ಕಾವೇರಿಯ ನಡುವೆ

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನ ನಡುಗಡ್ಡೆಗಳು ರೂಪುಗೊಂಡದ್ದು 1640ರ ದಶಕದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಕಾವೇರಿಗೆ ಒಡ್ಡು ಕಟ್ಟಿದ ಮೇಲೆ. ಹೊಲಗಳಿಗೆ ನೀರು ಹಾಯಿಸಲು ಮಾಡಿದ ಕೆಲಸ ಹಕ್ಕಿಗಳಿಗೂ ಒದಗಿಬಂತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿ ಈ ಜಾಗದ ಬೆಲೆಯನ್ನು ಅರಸರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ಇದು ಪಕ್ಷಿಧಾಮವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು.

ಇಲ್ಲಿ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಕೆಂಬರಲು, ನೀರುಕಾಗೆ, ಇರುಳು ಬಕ ಎಲ್ಲವೂ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ನದಿ ರೀವ ಬರಿಯ ಬಂಡೆಯ ಮೇಲೇ ಮೊಟ್ಟೆ ಇಡುತ್ತದೆ. ಹಕ್ಕಿಗಳ ವರ್ಗೀಕರಣದಲ್ಲಿ ಇದು ಪಫಿನ್‌ನ ದೂರದ ನೆಂಟ. ಸುತ್ತ ಹೊಳೆ, ಹೊಳೆಯಲ್ಲಿ ಮೊಸಳೆ. ನರಿಯೋ ಕಾಡುಬೆಕ್ಕೋ ಈಜಿಕೊಂಡು ಗೂಡಿನ ಬಳಿ ಬರುವುದು ಸುಲಭವಲ್ಲ. ಆ ನೀರನ್ನು ದಾಟಿ ಗೂಡಿನ ಹತ್ತಿರಕ್ಕೆ ಹೋಗಲು ಅನುಮತಿ ಇರುವುದು ಅರಣ್ಯ ಇಲಾಖೆಯ ದೋಣಿಗೆ ಮಾತ್ರ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ಆ ದೋಣಿಯೂ ನಿಲ್ಲುತ್ತದೆ. ಹೊರಡುವ ಮುಂಚೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ದೋಣಿಯಲ್ಲಿ ಕುಳಿತಾಗ

ನೆಲದ ಮೇಲೆ 400 ಮಿಲಿಮೀಟರ್ ಲೆನ್ಸ್ ಹಿಡಿದವರು ಶಟರ್ ವೇಗವನ್ನು ಸೆಕೆಂಡಿನ ನಾನೂರನೆಯ ಒಂದು ಭಾಗಕ್ಕಿಂತ ಕಡಿಮೆ ಮಾಡಬಾರದು ಎಂಬುದು ಹಳೆಯ ಲೆಕ್ಕ. ದೋಣಿಯಲ್ಲಿ ಈ ಲೆಕ್ಕ ಸಾಲದು. ಕೈ ನಡುಗುವುದರ ಜೊತೆಗೆ ದೋಣಿ ಓಲಾಡುತ್ತದೆ, ಹಕ್ಕಿಯೂ ಅಲುಗುತ್ತದೆ. ಉದ್ದದ ಲೆನ್ಸ್ ಹಕ್ಕಿಯನ್ನು ಹಿಗ್ಗಿಸಿದಷ್ಟೇ ಈ ಓಲಾಟವನ್ನೂ ಹಿಗ್ಗಿಸುತ್ತದೆ. ಕುಳಿತ ಹಕ್ಕಿಗೆ ಸಾವಿರದ ಒಂದು ಭಾಗ, ಹಾರುವ ಹಕ್ಕಿಗೆ ಎರಡು ಸಾವಿರದ ಒಂದು ಭಾಗ ಇಟ್ಟುಕೊಂಡರೆ ಚಿತ್ರ ಕದಡದು. ಬೆಳಕು ಸಾಲದಿದ್ದರೆ ಐಎಸ್ಒ ಏರಿಸಿ. ಚಿತ್ರ ತುಸು ಕಾಳುಕಾಳಾದರೂ ಸರಿಪಡಿಸಬಹುದು, ಕದಡಿದ್ದನ್ನು ಸರಿಪಡಿಸುವುದು ಕಷ್ಟ.

ಟ್ರೈಪಾಡ್ ಇಲ್ಲಿ ಕೆಲಸಕ್ಕೆ ಬಾರದು. ಅದು ದೋಣಿಯ ಅಲುಗಾಟವನ್ನು ನೇರ ಕ್ಯಾಮೆರಾಕ್ಕೆ ಮುಟ್ಟಿಸುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ದೋಣಿಯ ನಡುಭಾಗದಲ್ಲಿ ತಗ್ಗಿ ಕುಳಿತು ಹಿಡಿಯುವುದೇ ಮೇಲು. ಹುಟ್ಟು ನೀರಿನಿಂದ ಮೇಲೆದ್ದು ಮತ್ತೆ ಬೀಳುವ ನಡುವೆ ದೋಣಿ ಒಂದು ಕ್ಷಣ ಹಗುರವಾಗಿ ಜಾರುತ್ತದೆ. ಆ ಕ್ಷಣದಲ್ಲಿ ಒತ್ತಿ. "ಅಣ್ಣಾ, ಸ್ವಲ್ಪ ಹುಟ್ಟು ಎತ್ತಿ ಹಿಡಿದುಕೊಳ್ತೀರಾ?" ಎಂದು ಕೇಳಿದರೆ ಅಂಬಿಗರು ಇಲ್ಲವೆನ್ನುವುದಿಲ್ಲ. ಇನ್ನೂ ಹತ್ತಿರ ಹೋಗಿ ಎಂದು ಮಾತ್ರ ಕೇಳಬೇಡಿ. ಎಲ್ಲಿಯವರೆಗೆ ಹೋದರೆ ಹಕ್ಕಿ ಏಳುವುದಿಲ್ಲ ಎಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.

ಬಿಳಿ ಹಕ್ಕಿಯ ಮುಂದೆ ಕ್ಯಾಮೆರಾ ಸುಲಭವಾಗಿ ಮೋಸಹೋಗುತ್ತದೆ. ಕಂಡದ್ದನ್ನೆಲ್ಲ ಸರಾಸರಿ ಬೂದುಬಣ್ಣಕ್ಕೆ ತರುವುದು ಅದರ ಅಭ್ಯಾಸ. ಕಡುಹಸಿರು ಎಲೆಗಳ ಮುಂದೆ ಬಣ್ಣದ ಕೊಕ್ಕರೆ ನಿಂತಿದ್ದರೆ ಎಲೆಗಳನ್ನು ಬೆಳಗಿಸಲು ಹೋಗಿ ಹಕ್ಕಿಯ ಗರಿಗಳನ್ನು ಸುಣ್ಣ ಬಳಿದಂತೆ ಮಾಡಿಬಿಡುತ್ತದೆ. ಆಗ ಎಕ್ಸ್‌ಪೋಷರ್ ಇಳಿಸಬೇಕು. ಅದೇ ಹಕ್ಕಿ ಬೆಳ್ಳನೆಯ ಆಕಾಶದಲ್ಲಿ ಹಾರಿದರೆ ಕಪ್ಪಾಗಿ ಕಾಣುತ್ತದೆ, ಆಗ ಏರಿಸಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದೂ ಗಮನಿಸಿ. ದೊಡ್ಡ ಹಕ್ಕಿಗಳು ಗಾಳಿಗೆ ಎದುರಾಗಿಯೇ ಇಳಿಯುವುದರಿಂದ ಅವು ಯಾವ ಕಡೆ ಮುಖಮಾಡಿ ಬರುತ್ತವೆ ಎಂದು ಮೊದಲೇ ಊಹಿಸಬಹುದು.

ಬೆಳಗಿನ ಮತ್ತು ಸಂಜೆಯ ಬೆಳಕೇ ಚೆಂದ ಎಂದು ಕ್ಯಾಮೆರಾ ಕಲಿಸುವವರೆಲ್ಲ ಹೇಳುತ್ತಾರೆ. ಆದರೆ ಗೂಡಿನ ಬಹುಮುಖ್ಯ ಕೆಲಸವೊಂದು ನಡೆಯುವುದು ಉರಿಬಿಸಿಲಿನಲ್ಲಿ. ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿ, ಬಿಸಿಲಿಗೆ ಬೆನ್ನೊಡ್ಡಿ, ಮರಿಗಳಿಗೆ ನೆರಳಾಗಿ ನಿಲ್ಲುತ್ತದೆ. ದೋಣಿ ಅಥವಾ ಡ್ರೋನ್ ಹತ್ತಿರ ಬಂತೆಂದು ಅದು ಎದ್ದು ಹೋದರೆ ಮೊಟ್ಟೆ, ಮರಿಗಳು ಬಿಸಿಲಿಗೂ ಕಾಗೆಗೂ ಸಿಕ್ಕಿದಂತೆ. ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಸಾಲಿಗೇ ಸೇರಿಸಿದೆ.

ಊರೇ ಕಾವಲಾದಲ್ಲಿ

ಬಾಗೇಪಲ್ಲಿಯ ಗಡಿ ದಾಟಿದರೆ ಆಂಧ್ರದ ಚಿಲಮತ್ತೂರು ಮಂಡಲ. ಅಲ್ಲಿಯ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆಮರಗಳ ಮೇಲೆ ಗೂಡು ಕಟ್ಟುತ್ತವೆ. ತುಮಕೂರು ಜಿಲ್ಲೆಯ ಕಗ್ಗಲಡು, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ಕೂಡ ಇಂಥವೇ. ಇಲ್ಲಿ ಸುತ್ತ ನೀರಿಲ್ಲ, ಮೊಸಳೆಯಿಲ್ಲ. ಹಕ್ಕಿಗಳನ್ನು ಕಾಯುವುದು ಕೆಳಗಿನ ಜನರ ಓಡಾಟ ಮತ್ತು ಅವರ ಒಪ್ಪಿಗೆ.

ಆ ಒಪ್ಪಿಗೆಗೆ ಬೆಲೆಯಿದೆ. ಅಂಗಳದ ತುಂಬ ಹಿಕ್ಕೆ, ಮೀನಿನ ವಾಸನೆ, ಹಾಳಾಗುವ ಹುಣಸೆ ಫಸಲು ಎಲ್ಲವನ್ನೂ ಊರಿನವರೇ ಸಹಿಸಿಕೊಳ್ಳುತ್ತಾರೆ. ಕೊಕ್ಕರೆಬೆಳ್ಳೂರಿನಲ್ಲಿ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ಇಟ್ಟುಕೊಂಡಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಹೆಜ್ಜಾರ್ಲೆ ಬಳಗ ಎಂಬ ಅಲ್ಲಿಯ ಗುಂಪು ಸಾಕಿ ಬಿಡುತ್ತದೆ.

ಮರದಡಿ ನಿಂತು ಮೇಲಕ್ಕೆ ಕ್ಯಾಮೆರಾ ತಿರುಗಿಸಿದರೆ ಸಿಗುವುದು ಹಕ್ಕಿಯ ಹೊಟ್ಟೆ ಮಾತ್ರ. ಗೂಡಿನ ಮಟ್ಟಕ್ಕೆ ಏರಬೇಕೆಂದರೆ ಯಾರದಾದರೂ ಮಹಡಿ ಬೇಕು. ತೆಲುಗಿನಲ್ಲೋ ಕನ್ನಡದಲ್ಲೋ ಮನೆಯವರನ್ನು ಕೇಳಿ, ಒಪ್ಪಿದರೆ ಮಾತ್ರ ಹತ್ತಿ. ದಿನವೂ ಕಾಣುವ ಜನ, ದನ, ಟ್ರ್ಯಾಕ್ಟರಿಗೆ ಹಕ್ಕಿಗಳು ಒಗ್ಗಿಕೊಂಡಿವೆ. ದಿಟ್ಟಿಸುತ್ತ ನೇರ ತಮ್ಮ ಕಡೆಗೇ ಬರುವ ಹೊಸಬರಿಗಲ್ಲ.

ಊರಿನ ಕೆರೆಯಲ್ಲಿ ಅಭ್ಯಾಸ

ಗೂಡಿನ ಮುಂದೆ ಕೈ ಪಳಗಿಸಿಕೊಳ್ಳಲು ಹೋಗಬಾರದು. ಅದಕ್ಕೆ ಚಿಕ್ಕಬಳ್ಳಾಪುರದ ಕಂದವಾರ ಕೆರೆಯೋ ನಿಮ್ಮೂರಿನ ಅಮಾನಿಕೆರೆಯೋ ಸಾಕು. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ಹೆಚ್ಚಾಗಿ ಸ್ಪರ್ಶದಿಂದ ಹಿಡಿಯುತ್ತದೆ. ಅರೆತೆರೆದ ಕೊಕ್ಕನ್ನು ತೆಳುನೀರಿನಲ್ಲಿ ಅತ್ತಿತ್ತ ಆಡಿಸುತ್ತದೆ, ಮೀನು ತಗುಲಿದ ಕೂಡಲೇ ಕಚ್ಚುತ್ತದೆ. ಹಾಗಾಗಿಯೇ ಅದಕ್ಕೆ ಕೆರೆಯಂಚಿನ ತೆಳುನೀರು ಬೇಕು. ಕೆರೆ ಬತ್ತಿದರೆ ಗೂಡಿಗೆ ಮೀನು ತರುವ ದಾರಿ ದೂರವಾಗುತ್ತದೆ. ಏರಿಯ ಮೇಲೆ ನಿಲ್ಲದೆ ಗಿಡದ ಮರೆಯಲ್ಲಿ ತಗ್ಗಿ ಕುಳಿತರೆ ಮೊಬೈಲಿಗೂ ಒಳ್ಳೆಯ ಚಿತ್ರ ಸಿಕ್ಕೀತು.

ತೆಗೆದ ಪ್ರತಿ ಚಿತ್ರದ ಜೊತೆ ತಾರೀಖು, ಜಾಗ, ಹಕ್ಕಿಗಳ ಎಣಿಕೆ ಬರೆದಿಡಿ. ಗೂಡಿನ ಮರವಾದರೆ ದೂರದ ಒಂದೇ ಜಾಗದಲ್ಲಿ ನಿಂತು ಇಡೀ ಮರದ ಚಿತ್ರವೊಂದನ್ನು ವರ್ಷವರ್ಷವೂ ತೆಗೆಯಿರಿ. ಕೊಕ್ಕಿನ ಹತ್ತಿರದ ಚಿತ್ರಕ್ಕೆ ಸಿಗುವಷ್ಟು ಮೆಚ್ಚುಗೆ ಇದಕ್ಕೆ ಸಿಗಲಾರದು. ಆದರೆ ಗೂಡುಗಳು ಕಡಿಮೆಯಾದ ವರ್ಷ, ಕೆರೆ ಒಣಗಿತೇ, ಕೊಂಬೆ ಮುರಿಯಿತೇ, ನೋಡಲು ಬಂದವರೇ ಹೆಚ್ಚಾದರೇ ಎಂದು ಊರಿನವರೂ ಇಲಾಖೆಯೂ ವಿಚಾರಿಸಲು ಆಧಾರವಾಗುವುದು ಅದೇ ಚಿತ್ರ.