ಅಕಿ, ಹೆಣ್ಮಗಳು, ಅಕ್ಕಾರ

ಪ್ರಶ್ನೆ: ಮೈಸೂರಿನಿಂದ ಕೊಲ್ಹಾರಕ್ಕೆ ವರ್ಗವಾಗಿ ಬಂದಿದ್ದೇನೆ. ಇಲ್ಲಿ ಹೆಣ್ಣುಮಕ್ಕಳ ಬಗ್ಗೆ ಮಾತಾಡುವಾಗ ಯಾವ ಪದ ಬಳಸಿದರೆ ಸರಿ?

ಉತ್ತರ: ಮೊದಲು ‘ಆಕೆ’ಯ ವಿಷಯ. ಪತ್ರಿಕೆಯ ಕನ್ನಡದಲ್ಲಿ ಅದು ‘ಅವಳು’ ಮತ್ತು ‘ಅವರು’ ನಡುವಿನ ಮಧ್ಯಮ ಗೌರವದ ಪದ. ಇಲ್ಲಿ, ವಿಜಯಪುರದ ಕಡೆ, ‘ಅಕಿ’ ಎಂದರೆ ಬರೀ ‘ಅವಳು’. ಮಗಳಿಗೆ, ಗೆಳತಿಗೆ ಸಲ್ಲುತ್ತದೆ. ಕಚೇರಿಯ ಹಿರಿಯ ಸಹೋದ್ಯೋಗಿಗೆ ಸಲ್ಲದು. ಅಲ್ಲಿ ‘ಅವರು’ ಅನ್ನಿ.

‘ಹೆಂಗಸು’ ಕೆಲವರ ಕಿವಿಗೆ ಒರಟು. ‘ಮಹಿಳೆ’ ಅರ್ಜಿ, ಭಾಷಣಗಳ ಮಾತು. ಇಲ್ಲಿನ ಸಹಜ ಪದ ‘ಹೆಣ್ಮಗಳು’. ಎಪ್ಪತ್ತು ದಾಟಿದವರಿಗೂ ಇದೇ. ಮಗಳೆಂಬ ಅರ್ಥ ಅದರಲ್ಲಿ ಎಂದೋ ಕರಗಿದೆ.

ಎದುರಿಗೆ ಕರೆಯುವಾಗ ಸಂಬಂಧವಾಚಕವೇ ಬೇಕು. ಕೊಲ್ಹಾರದ ಹೆಸರಾಂತ ಮೊಸರು ಮಾರುವವರನ್ನು ‘ರೀ ಮೇಡಂ’ ಎಂದರೆ ನಗು ಖಂಡಿತ. ‘ಯವ್ವಾ’ ಅಥವಾ ‘ಅಕ್ಕಾರ’ ಅನ್ನಿ. ಅಣ್ಣನ ಹೆಂಡತಿ ‘ವೈನಿ’, ಮರಾಠಿಯಿಂದ ಬಂದದ್ದು. ಗೆಳೆಯನ ಹೆಂಡತಿಗೂ ಒಪ್ಪುತ್ತದೆ. ‘ಅಕ್ಕ’ನಿಗೆ ವಯಸ್ಸಿನ ಲೆಕ್ಕವೇ ಇಲ್ಲ. ಎಳೆಯ ಪ್ರಾಯದ ಮಹಾದೇವಿಯನ್ನು 12ನೆಯ ಶತಮಾನದ ಹಿರಿಯ ಶರಣರೂ ಅಕ್ಕ ಎಂದರು. ಪಕ್ಕದ ಬಸವನ ಬಾಗೇವಾಡಿಯವರಿಗೆ ಬಸವಣ್ಣನ ಸೋದರಿ ಇಂದಿಗೂ ಅಕ್ಕನಾಗಮ್ಮ.

ಈ ಪೇಚು ನಮಗಷ್ಟೇ ಅಲ್ಲ. ಸ್ಪ್ಯಾನಿಷ್‌ನಲ್ಲಿ ‘ಮುಹೇರ್’ ಎಂದರೆ ಹೆಣ್ಣು, ಹೆಂಡತಿಯೂ ಹೌದು. ‘ಸೆನ್ಯೋರಾ’, ‘ಸೆನ್ಯೋರೀತಾ’ಗಳಲ್ಲಿ ಆರಿಸುವವನು ಎದುರಿನವರ ಮದುವೆ, ವಯಸ್ಸು ಎರಡನ್ನೂ ಊಹಿಸಬೇಕು. ‘ಅಕ್ಕಾರ’ ಅನ್ನಲು ಆ ವಿಚಾರಣೆ ಬೇಕಿಲ್ಲ.