ರಕ್ತದೊಳಗಿನ ಕುಡುಗೋಲು

ಕುಡುಗೋಲು ಎಂದೊಡನೆ ಕೊಳ್ಳೇಗಾಲದ ಸೀಮೆಯವರಾದ ನಮ್ಮ ಕಣ್ಣಿಗೆ ಕಟ್ಟುವುದು ರಾಗಿಯ ಹೊಲ, ಬತ್ತದ ಗದ್ದೆ, ಸುಗ್ಗಿಯ ಸಡಗರ. ಅನ್ನದೊಡನೆ ಬೆರೆತುಹೋಗಿರುವ ಆ ಹತಾರದ ಹೆಸರು ಒಂದು ಕಾಯಿಲೆಗೂ ಅಂಟಿಕೊಂಡಿದೆಯೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅದನ್ನು ಕುಡುಗೋಲು ಕಣ ರಕ್ತಹೀನತೆ ಎಂದು ಕನ್ನಡದಲ್ಲಿ ಬರೆಯುತ್ತಾರೆ. ಆಸ್ಪತ್ರೆಗಳಲ್ಲಿ ‘ಸಿಕಲ್ ಸೆಲ್’ ಎಂದರೆ ಸಾಕು. ನಾನು ವೈದ್ಯನಲ್ಲ, ಕನ್ನಡದ ಮೇಷ್ಟರು. ಆದರೂ ಈ ವಿಷಯವಾಗಿ ನಾಲ್ಕು ಮಾತನಾಡಲು ಹೊರಟಿದ್ದೇನೆ. ಅದಕ್ಕೆ ನನ್ನ ಮೇಲಿರುವ ಒಂದು ಋಣವೇ ಕಾರಣ.

1990ರ ದಶಕದ ಮಾತು. ಹನೂರಿನಾಚೆಯ ಕಾಡಂಚಿನ ಪೋಡೊಂದರಿಂದ ಬಂದ ಸೋಲಿಗರ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದ. ಮಹದೇಶ್ವರನ ಕಥೆಯನ್ನು ಕೇಳಿ ಬೆಳೆದ ಕಿವಿ; ಹಳಗನ್ನಡದ ಪದ್ಯದ ಲಯವನ್ನು ನಾನು ವಿವರಿಸುವ ಮುನ್ನವೇ ಹಿಡಿದುಬಿಡುತ್ತಿದ್ದ. ಆದರೆ ಮಾರ್ಗಶಿರದ ಚಳಿ ಬಿತ್ತೆಂದರೆ ಅವನ ಜಾಗ ಬರಿದಾಗುತ್ತಿತ್ತು. ಕರೆದು ಕೇಳಿದರೆ, “ಕಾಲು ನೋವು ಸಾ, ಮೂಳ ಒಳಗ ಕೊರದಂಗಾಯ್ತದ” ಎನ್ನುತ್ತಿದ್ದ. ಮೇಲ್ನೋಟಕ್ಕೆ ಕಾಲಿನಲ್ಲಿ ಊತವಿಲ್ಲ, ಗಾಯವಿಲ್ಲ. “ಚಳಿಗೆ ಹೆದರುವವನಿಗೆ ವಿದ್ಯೆ ಎಲ್ಲಿಂದ ಬಂದೀತಯ್ಯ?” ಎಂದು ತರಗತಿಯ ಎದುರಿನಲ್ಲಿಯೇ ಅಂದೆ. ಹಾಜರಿ ಸಾಲದೆ ಆ ವರ್ಷ ಅವನು ಪರೀಕ್ಷೆಗೆ ಕೂರಲಿಲ್ಲ. ಮರುವರ್ಷ ಬರಲೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತನ್ನು ಸಾಲಾಗಿ ಹಾಕಿದ ಕೈ ನನ್ನದೇ.

ಈ ಕಾಯಿಲೆಯ ವಿಚಿತ್ರವೆಂದರೆ ಇದಕ್ಕೆ ನಿಶ್ಚಿತವಾದ ಒಂದು ಮುಖವಿಲ್ಲ. ಎಳೆಯ ಕೂಸಿನಲ್ಲಿ ಅಂಗೈ ಅಂಗಾಲು ಬಾತುಕೊಳ್ಳುತ್ತವೆ. ತಾಯಿ ಮಕ್ಕಳ ವೈದ್ಯರ ಬಳಿಗೆ ಓಡುತ್ತಾಳೆ. ಹುಡುಗನಿಗೆ ಮೂಳೆ ಕೊರೆಯುವ ನೋವು. ವಾತವೆಂದು ಎಣ್ಣೆ ತಿಕ್ಕುತ್ತಾರೆ. ಕಣ್ಣು ಹಳದಿಗಿದ್ದರೆ ಕಾಮಾಲೆಯೆಂದು ನಾರುಬೇರು ಕುಡಿಸುತ್ತಾರೆ. ಪಿತ್ತಕೋಶದಲ್ಲಿ ಕಲ್ಲು ಕಂಡರೆ ಶಸ್ತ್ರವೈದ್ಯರು, ತೊಡೆಮೂಳೆಯ ತಲೆಗೆ ರಕ್ತ ಹರಿಯದೆ ಅದು ಸವೆದು ಕುಂಟು ಬಂದರೆ ಮೂಳೆಯ ವೈದ್ಯರು, ಕಣ್ಣಿನ ಒಳಪರೆಗೆ ಹಾನಿಯಾದರೆ ನೇತ್ರವೈದ್ಯರು, ಮಗುವಿಗೆ ಪಾರ್ಶ್ವವಾಯು ಬಡಿದರೆ ನರರೋಗ ತಜ್ಞರು, ಬಸುರಿಯಲ್ಲಿ ರಕ್ತ ಇಳಿದರೆ ಹೆರಿಗೆ ವೈದ್ಯರು. ಒಬ್ಬೊಬ್ಬರ ಕೋಣೆಯಲ್ಲಿಯೂ ಅದು ಒಂದೊಂದು ಬೇರೆ ರೋಗಿಯ ಬೇರೆ ಕಥೆಯಂತೆ ತೋರುತ್ತದೆ. ಎಲ್ಲ ಕಥೆಗಳ ಮೂಲ ಒಂದೇ ಎಂದು ಕಾಣಬೇಕಾದರೆ ಯಾರಾದರೊಬ್ಬರು ಒಂದು ತೊಟ್ಟು ರಕ್ತವನ್ನು ಪರೀಕ್ಷಿಸಬೇಕು.

ಹಾಗೆ ನೋಡಿದ ಸಂದರ್ಭವೊಂದು ವೈದ್ಯಕೀಯದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ವೆಸ್ಟ್ ಇಂಡೀಸಿನ ಗ್ರೆನಡಾ ದ್ವೀಪದಿಂದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ತರುಣನು ದಂತವೈದ್ಯ ಓದಲು 1904ರಲ್ಲಿ ಅಮೆರಿಕದ ಶಿಕಾಗೋ ನಗರಕ್ಕೆ ಬಂದ. ಅದೇ ವರ್ಷದ ಕೊನೆಯಲ್ಲಿ ಕೆಮ್ಮು, ಆಯಾಸಗಳಿಂದ ಆಸ್ಪತ್ರೆ ಸೇರಿದ. ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯ ಅವನ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ, ದುಂಡಗಿರಬೇಕಾದ ಕೆಂಪು ಕಣಗಳಲ್ಲಿ ಕೆಲವು ನೀಳವಾಗಿ, ಬಾಗಿ, ಕುಡುಗೋಲಿನಂತೆ ಕಂಡವು. ಹಿರಿಯ ವೈದ್ಯ ಜೇಮ್ಸ್ ಹೆರಿಕ್ ಅದಕ್ಕೆ ಅವಸರದಿಂದ ಹೆಸರಿಡಲಿಲ್ಲ. ವರ್ಷಗಳ ಕಾಲ ಗಮನಿಸಿ, ತಮಗೆ ಕಂಡದ್ದನ್ನು ಕಂಡಂತೆ 1910ರಲ್ಲಿ ಪ್ರಕಟಿಸಿದರು. ಆ ಲೇಖನದಲ್ಲಿ ರೋಗಿಯ ಹೆಸರಿರಲಿಲ್ಲ. ನೋಯೆಲ್ ಓದು ಮುಗಿಸಿ ತನ್ನ ದ್ವೀಪಕ್ಕೆ ಮರಳಿ ದಂತವೈದ್ಯನಾಗಿ ದುಡಿದು 1916ರಲ್ಲಿ, ಮೂವತ್ತೆರಡರ ಪ್ರಾಯದಲ್ಲಿ, ಶ್ವಾಸಕೋಶದ ಉರಿಯೂತದಿಂದ ತೀರಿಕೊಂಡ. ಒಬ್ಬನೇ ಒಬ್ಬ ರೋಗಿಯ ವೃತ್ತಾಂತ ಒಂದು ಶಾಸ್ತ್ರಕ್ಕೆ ನಾಂದಿಯಾದದ್ದು ಹೀಗೆ.

ಕಣಗಳು ಏಕೆ ಬಾಗುತ್ತವೆ? ಈ ಪ್ರಶ್ನೆಗೆ ಉತ್ತರ ದೊರೆಯಲು ಇನ್ನೂ ನಾಲ್ಕು ದಶಕಗಳು ಬೇಕಾದುವು. ಕೆಂಪು ಕಣದೊಳಗೆ ಹಿಮೋಗ್ಲೋಬಿನ್ ಎಂಬ ವಸ್ತುವಿದೆ. ಉಸಿರಿನ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುವುದು ಅದರ ಕೆಲಸ. ಈ ರೋಗಿಗಳ ಹಿಮೋಗ್ಲೋಬಿನ್ನೇ ಬೇರೆ ಬಗೆಯದೆಂದು 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ತೋರಿಸಿದರು. ಕೆಲವೇ ವರ್ಷಗಳಲ್ಲಿ ಕೇಂಬ್ರಿಜ್ಜಿನ ವರ್ನನ್ ಇಂಗ್ರಾಮ್ ಆ ವ್ಯತ್ಯಾಸ ಎಷ್ಟು ಸಣ್ಣದೆಂಬುದನ್ನು ಹುಡುಕಿದರು. ಹಿಮೋಗ್ಲೋಬಿನ್ನಿನ ಒಂದು ಸರಪಳಿಯಲ್ಲಿ 146 ಕೊಂಡಿಗಳಿವೆ. ಅವುಗಳಲ್ಲಿ ಆರನೆಯದೊಂದು ಮಾತ್ರ ಬದಲಾಗಿದೆ. ಅಷ್ಟಕ್ಕೇ, ಆಮ್ಲಜನಕವನ್ನು ಇಳಿಸಿದೊಡನೆ ಹಿಮೋಗ್ಲೋಬಿನ್ನಿನ ಅಣುಗಳು ಒಂದಕ್ಕೊಂದು ಅಂಟಿ ಕಡ್ಡಿಯಾಗಿ ನಿಲ್ಲುತ್ತವೆ. ಮೆತ್ತಗಿದ್ದ ಕಣ ಬಿರುಸಾಗಿ ಬಾಗುತ್ತದೆ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂದಕ್ಕೆ ರಕ್ತ ಹೋಗದ ಕಡೆ ನೋವು ಹುಟ್ಟುತ್ತದೆ. 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಒಡೆಯುತ್ತದೆ. ಅದರಿಂದಲೇ ರಕ್ತಹೀನತೆ, ಅದರಿಂದಲೇ ಕಣ್ಣಿನ ಹಳದಿ. ಚಳಿ, ಬಾಯಾರಿಕೆ, ಜ್ವರ, ಅತಿಯಾದ ದುಡಿಮೆ ಈ ಸಂಕಟವನ್ನು ಕೆರಳಿಸುತ್ತವೆ. ನನ್ನ ಶಿಷ್ಯ ಚಳಿಗೆ ಹೆದರಿದ್ದು ಸೋಮಾರಿತನದಿಂದಲ್ಲ.

ಓಲೆಗರಿಗಳೊಡನೆ ಒಡನಾಡಿದವರಿಗೆ ಇದು ಬೇಗ ಅರ್ಥವಾಗಬೇಕು. ಲಿಪಿಕಾರನು ಒಂದಕ್ಷರ ತಪ್ಪಿದರೆ ಆ ಪ್ರತಿಯಿಂದ ಇಳಿದ ಎಲ್ಲ ಪ್ರತಿಗಳಲ್ಲಿಯೂ ಅದೇ ತಪ್ಪು ನಿಷ್ಠೆಯಿಂದ ಮರುಕಳಿಸುತ್ತದೆ. ನಮ್ಮ ಜೀವಕೋಶಗಳೊಳಗಿನ ಗ್ರಂಥದ ಲಿಪಿಯಲ್ಲಿ ನಾಲ್ಕೇ ಅಕ್ಷರಗಳು. ಈ ಕಾಯಿಲೆ ಅವುಗಳಲ್ಲಿ ಒಂದಕ್ಷರದ ಪಾಠಾಂತರ. ಆದರೆ ಈ ಗ್ರಂಥದ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ: ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು. ಎರಡರಲ್ಲಿ ಒಂದು ಸರಿಯಿದ್ದರೆ ಸಾಮಾನ್ಯವಾಗಿ ಬದುಕಿಗೆ ಕುಂದಿಲ್ಲ. ಅಂಥವರು ವಾಹಕರು, ರೋಗಿಗಳಲ್ಲ. ಎರಡೂ ಬದಲಾಗಿದ್ದರೆ ಮಾತ್ರ ರೋಗ.

ಈ ಪಾಠಾಂತರ ಅಳಿಸಿಹೋಗದೆ ಉಳಿದದ್ದಕ್ಕೂ ಕಾರಣವಿದೆ. ಒಂದೇ ಪ್ರತಿ ಬದಲಾಗಿರುವವರಿಗೆ ಮಾರಕವಾದ ಮಲೇರಿಯಾದಿಂದ ರಕ್ಷಣೆ ದೊರೆಯುತ್ತದೆಯೆಂದು 1954ರಲ್ಲಿ ಆಂಟನಿ ಆಲಿಸನ್ ಆಫ್ರಿಕದ ಅಧ್ಯಯನದಿಂದ ತೋರಿಸಿದರು. ಮಲೇರಿಯಾಕ್ಕೆ ಹೆಸರಾಗಿದ್ದ ಕಾಡುಗಳಲ್ಲಿ ತಲೆತಲಾಂತರದಿಂದ ಬದುಕಿದ ಜನರಲ್ಲಿ ಈ ಲಕ್ಷಣ ಹೆಚ್ಚಾಗಿರುವುದು ಆಕಸ್ಮಿಕವಲ್ಲ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ. ಆ ವರ್ಷ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಗುಡ್ಡಗಾಡು ಜನರಲ್ಲಿ ಇದನ್ನು ಕಂಡರು. ನೀಲಗಿರಿ ನಮಗೆ ದೂರದ್ದಲ್ಲ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಿಂದ ದಕ್ಷಿಣಕ್ಕೆ ಚಾಚಿದ ಕಾಡು ಆ ದಿಕ್ಕಿಗೇ ಸಾಗುತ್ತದೆ. ಡಾಕ್ಟರ್ ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೋಲಿಗರ ನಡುವೆ ವೈದ್ಯಕೀಯ ನಡೆಸಿದರು. ಅಲ್ಲಿ ಗಮನಕ್ಕೆ ಬಂದ ಕಾಯಿಲೆಗಳಲ್ಲಿ ಇದೂ ಒಂದು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಗಂಡಹೆಂಡಿರಿಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬಾರದು ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಪಗಡೆಯ ದಾಳ ಹೊಸದಾಗಿಯೇ ಉರುಳುತ್ತದೆ. ಸೋಲಿಗರಲ್ಲಿ ಒಂದೇ ಕುಲದೊಳಗೆ ಮದುವೆಯಿಲ್ಲ. ಆದರೆ ಸಣ್ಣ ಸಮುದಾಯದ ಕುಲಗಳೇ ತಮ್ಮ ತಮ್ಮೊಳಗೆ ಹೆಣ್ಣು ಕೊಟ್ಟು ತಂದುದರಿಂದ ಈ ಅಕ್ಷರವೂ ಕುಲದಿಂದ ಕುಲಕ್ಕೆ ದಾಟಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಾಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನವು ಕರ್ನಾಟಕವೂ ಸೇರಿದ 17 ರಾಜ್ಯಗಳಲ್ಲಿ 40 ವರ್ಷದೊಳಗಿನ ಏಳು ಕೋಟಿ ಜನರ ರಕ್ತಪರೀಕ್ಷೆಯ ಗುರಿಯಿಟ್ಟುಕೊಂಡಿತು. 2047ರೊಳಗೆ ಕಾಯಿಲೆಯನ್ನು ಇಲ್ಲವಾಗಿಸುವುದು ಅದರ ಸಂಕಲ್ಪ. ಪರೀಕ್ಷೆಯಾದವರಿಗೆ ಫಲಿತಾಂಶದ ಕಾರ್ಡು ಕೊಡುತ್ತಾರೆ. ಮದುವೆಗೆ ಮುನ್ನ ಎರಡು ಕಾರ್ಡುಗಳನ್ನು ಒತ್ತಟ್ಟಿಗಿಟ್ಟು ನೋಡಿರಿ ಎಂಬುದು ವೈದ್ಯರ ಸಲಹೆ.

ಸಲಹೆ ಸರಿಯಾದುದೇ. ಆದರೆ ಜಾತಕವನ್ನು ಬಲ್ಲ ನಾಡು ನಮ್ಮದು. ಮೂಲಾ ನಕ್ಷತ್ರದ ಹೆಣ್ಣನ್ನು ಮೂಲೆಗೆ ಕೂರಿಸಿದ ಜನ ನಾವು. ಆ ಕಾರ್ಡು ಇನ್ನೊಂದು ಜಾತಕವಾಗಿ, ವಾಹಕಳೆಂಬ ಒಂದೇ ಕಾರಣಕ್ಕೆ ಆರೋಗ್ಯವಂತೆಯಾದ ಹುಡುಗಿಯನ್ನು ಯಾರೂ ಕೇಳದಂತಾದರೆ, ರೋಗ ಮಾಡದ ಕೇಡನ್ನು ಅರೆತಿಳಿವು ಮಾಡುತ್ತದೆ. ಒಬ್ಬರು ವಾಹಕರಾಗಿದ್ದು ಇನ್ನೊಬ್ಬರಲ್ಲಿ ಹಿಮೋಗ್ಲೋಬಿನ್ನಿನ ದೋಷ ಯಾವುದೂ ಇಲ್ಲದಿದ್ದರೆ ಮಗುವಿಗೆ ಈ ರೋಗ ಬಾರದು. ಪರೀಕ್ಷೆ ಮಾಡುವವರು ಇಷ್ಟನ್ನು ತಿಳಿಯುವ ಮಾತಿನಲ್ಲಿ ಹೇಳದೆ ಕಾರ್ಡನ್ನಷ್ಟೇ ಕೈಗಿತ್ತು ಹೋಗಬಾರದು.

ಚಿಕಿತ್ಸೆಯಿಲ್ಲವೆ? ಇದೆ. ತಾಯಿಯ ಗರ್ಭದಲ್ಲಿರುವ ಶಿಶುವಿನದು ಬೇರೊಂದು ಬಗೆಯ ಹಿಮೋಗ್ಲೋಬಿನ್. ಅದು ಹೀಗೆ ಅಂಟಿಕೊಳ್ಳದು. ಭಾರತದ ರೋಗಿಗಳಲ್ಲಿ ಅನೇಕರಿಗೆ ಅದು ಬೆಳೆದ ಮೇಲೆಯೂ ಸ್ವಲ್ಪ ಹೆಚ್ಚಾಗಿಯೇ ಉಳಿದಿರುತ್ತದೆ. ಹೈಡ್ರಾಕ್ಸಿಯೂರಿಯ ಎಂಬ ಗುಳಿಗೆ ಅದನ್ನೇ ಹೆಚ್ಚಿಸಿ ನೋವಿನ ಸರದಿಗಳನ್ನು ತಗ್ಗಿಸುತ್ತದೆ. ವೈದ್ಯರ ಕಣ್ಗಾವಲಿನಲ್ಲಿ, ಆಗಾಗ ರಕ್ತಪರೀಕ್ಷೆ ಮಾಡಿಸುತ್ತ ಅದನ್ನು ತೆಗೆದುಕೊಳ್ಳಬೇಕು. ಲಸಿಕೆ, ಧಾರಾಳವಾಗಿ ನೀರು, ಚಳಿಯಲ್ಲಿ ಬೆಚ್ಚನೆಯ ಹೊದಿಕೆ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆ: ಇವೂ ಔಷಧಿಗಳೇ. ಇನ್ನೊಂದು ತುದಿಯಲ್ಲಿ, ರೋಗಿಯ ಜೀನನ್ನೇ ಕತ್ತರಿಸಿ ತಿದ್ದುವ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕಗಳು ಒಪ್ಪಿಗೆಯಿತ್ತವು. ಅಮೆರಿಕದಲ್ಲಿ ಒಬ್ಬರಿಗೆ ಅದರ ಬೆಲೆ 22 ಲಕ್ಷ ಡಾಲರ್ ಎಂದು ಗೊತ್ತುಮಾಡಿದರು. ಪೋಡಿನಿಂದ ಆಸ್ಪತ್ರೆಗೆ ಬರುವ ಬಸ್ಸಿನ ದುಡ್ಡನ್ನು ಹೊಂದಿಸಿಕೊಳ್ಳುವವರಿಗೆ ಸದ್ಯಕ್ಕೆ ದಿಕ್ಕಾಗುವುದು ಆ ಗುಳಿಗೆ, ಅದನ್ನು ತಪ್ಪದೆ ಒದಗಿಸುವ ಹತ್ತಿರದ ಆರೋಗ್ಯ ಕೇಂದ್ರ.

ನಿವೃತ್ತನಾದ ಮೇಲೆ ಒಂದು ದಿನ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ನಡುವಯಸ್ಸಿನವನೊಬ್ಬ ಕುಂಟುತ್ತ ಬಂದು ಕೈಮುಗಿದ. ಕಣ್ಣಿನ ಹಳದಿಯಿಂದ ಗುರುತು ಸಿಕ್ಕಿತು. ಮಗಳಿಗೆ ಪರೀಕ್ಷೆ ಮಾಡಿದಾಗ ತನ್ನದೂ ಗೊತ್ತಾಯಿತೆಂದ. ಜೇಬಿನಿಂದ ಕಾರ್ಡು ತೆಗೆದು ತೋರಿಸಿದ. ಮಗಳು ವಾಹಕಳಷ್ಟೇ, ಕಾಲೇಜಿಗೆ ಹೋಗುತ್ತಾಳೆಂದ. “ಅವತ್ತು ನನ್ನಿಂದ ತಪ್ಪಾಯಿತಪ್ಪ” ಎಂದೆ. “ನಿಮಗೇನ್ ಗೊತ್ತು ಸಾ, ನನಗೇ ಗೊತ್ತಿರ್ನಿಲ್ಲ” ಎಂದು ನಕ್ಕ.

ಅವನು ಹಾಗೆಂದದ್ದು ಅವನ ದೊಡ್ಡತನ. ಆದರೆ ನಾನು ಕೇಳಬಹುದಿತ್ತು. ‘ಕೊರೆದಂತಾಗುತ್ತದೆ’ ಎಂಬ ಅವನ ಮಾತಿಗೆ ಕಿವಿಗೊಟ್ಟು ಒಬ್ಬ ವೈದ್ಯರ ಬಳಿಗೆ ಕಳುಹಿಸಬಹುದಿತ್ತು. ಪದ್ಯದ ಒಂದೊಂದು ಶಬ್ದಕ್ಕೂ ಅರ್ಥ ಹುಡುಕುವುದನ್ನು ಕಲಿಸುತ್ತಿದ್ದವನು ನಾನು. ಎದುರಿಗಿದ್ದ ಹುಡುಗನ ಒಂದು ಶಬ್ದವನ್ನು ಓದದೆ ಹೋದೆ. ಈ ಮಾತುಗಳನ್ನು ಕೇಳಿದ ಮೇಷ್ಟರಿದ್ದರೆ, ಚಳಿಗಾಲದಲ್ಲಿ ಖಾಲಿಯಾಗುವ ಜಾಗದ ಮುಂದೆ ಗೈರುಹಾಜರಿಯ ಗುರುತು ಹಾಕುವ ಮುನ್ನ, ದಯಮಾಡಿ ಒಮ್ಮೆ ಕೇಳಿರಿ.